ಚೀಲದ ಮೇಲೆ 266 ರೂಪಾಯಿ, ಚೀಲ ಮಾತ್ರ ಕೇಳಬೇಡಿ

ಭಾರತದಲ್ಲಿ ಬೆಲೆ ಏರದ ವಸ್ತು ಯಾವುದು ಅಂತ ಯಾರಾದರೂ ರಸಪ್ರಶ್ನೆ ಕೇಳಿದರೆ ಧೈರ್ಯವಾಗಿ ಯೂರಿಯಾ ಅನ್ನಿ. 2012ರಲ್ಲಿ ಟನ್ನಿಗೆ 5360 ರೂಪಾಯಿ ಅಂತ ಗೊತ್ತು ಮಾಡಿದರು. ಅವತ್ತಿನಿಂದ ಅದೇ ರೇಟು. ಬೇವಿನ ಲೇಪ, ತೆರಿಗೆ ಎಲ್ಲ ಸೇರಿ 45 ಕೆಜಿಯ ಒಂದು ಚೀಲಕ್ಕೆ 266 ರೂಪಾಯಿ 50 ಪೈಸೆ. ಈ ನಡುವೆ ಮೂರು ಲೋಕಸಭೆ ಚುನಾವಣೆ ಮುಗಿದವು, ನೋಟು ಬದಲಾದವು, ಕೊರೊನಾ ಬಂದು ಹೋಯಿತು, ಉಕ್ರೇನ್ ಯುದ್ಧಕ್ಕೆ ಗ್ಯಾಸ್ ಬೆಲೆ ಮುಗಿಲು ಮುಟ್ಟಿತು, ಡೀಸೆಲ್ಲು, ಆಳಿನ ಕೂಲಿ, ಟ್ರ್ಯಾಕ್ಟರ್ ಬಾಡಿಗೆ, ಬಸ್‌ಸ್ಟ್ಯಾಂಡಿನ ಅರ್ಧ ಕಪ್ ಚಹಾ ಎಲ್ಲವೂ ಏರಿದವು. ಯೂರಿಯಾ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕಿಲೋ ಲೆಕ್ಕ ಹಾಕಿದರೆ ಆರು ರೂಪಾಯಿಯೂ ಬೀಳುವುದಿಲ್ಲ. ನಿಮ್ಮ ಅಡುಗೆಮನೆಯ ಪುಡಿ ಉಪ್ಪು ಇದಕ್ಕಿಂತ ದುಬಾರಿ.

ಆ 50 ಪೈಸೆ ನಾಣ್ಯ ಈಗ ಯಾರ ಜೇಬಲ್ಲಿದೆಯೋ ಗೊತ್ತಿಲ್ಲ, ಇರಲಿ.

ಇಷ್ಟು ಅಗ್ಗದ ವಸ್ತುವಿಗೆ ಒಂದೇ ಒಂದು ಸಣ್ಣ ಕೊರತೆ ಇದೆ. ಬೇಕಾದಾಗ ಸಿಗುವುದಿಲ್ಲ. 2025ರ ಜುಲೈ, ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದ ಯಾವ ತಾಲೂಕು ಕೇಂದ್ರಕ್ಕೆ ಹೋದರೂ ಸೊಸೈಟಿ ಮುಂದೆ ಕ್ಯೂ. ಬೆಳಗಿನ ಜಾವ ಬಂದವರು ಚಪ್ಪಲಿ ಸಾಲಾಗಿ ಬಿಟ್ಟು, ಆಧಾರ್ ಕಾರ್ಡಿನ ಜೆರಾಕ್ಸ್ ಮೇಲೆ ಕಲ್ಲು ಇಟ್ಟು, ತಾವು ಮರದ ನೆರಳಿಗೆ ಹೋಗಿ ಕೂರುತ್ತಿದ್ದರು. ಕೊಪ್ಪಳದಲ್ಲಿ ಒಬ್ಬ ರೈತರು ಗೊಬ್ಬರ ಸಿಗದ ಸಿಟ್ಟಿಗೆ ಮಣ್ಣನ್ನೇ ಬಾಯಿಗೆ ಹಾಕಿಕೊಂಡ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ನೋಡಿದೆವು, ಫಾರ್ವರ್ಡ್ ಮಾಡಿದೆವು, ಮರೆತೆವು.

ಈಗ ಟೊಮೆಟೊ ಕಡೆ ಸ್ವಲ್ಪ ಬನ್ನಿ. 2023ರ ಜುಲೈ ನೆನಪಿದೆಯಾ? ಕೋಲಾರದ ಮಾರ್ಕೆಟ್ಟಿನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಬೆಂಗಳೂರಲ್ಲಿ ಕಿಲೋಗೆ ನೂರರ ಮೇಲೆ. ಟಿವಿಯವರು ದಿನವಿಡೀ ಬಾಯಿ ಬಡಿದುಕೊಂಡರು. ಆದರೆ ಸಾರಿಗೆ ಟೊಮೆಟೊ ಬದಲು ಹುಣಸೆ ಹಣ್ಣು ಹಾಕಿ ಅಂತ ಯಾವ ಇಲಾಖೆಯೂ ಸುತ್ತೋಲೆ ಹೊರಡಿಸಿರಲಿಲ್ಲ. ನಮ್ಮ ಮನೆಗಳಲ್ಲಿ ತಾನಾಗೇ ಹುಣಸೆ ಬಂತು. ಬರ್ಗರ್ ಅಂಗಡಿಯವರು ಟೊಮೆಟೊ ಬಿಲ್ಲೆ ಕೈಬಿಟ್ಟರು. ನೇಪಾಳದಿಂದ ಮಾಲು ಬಂತು. ಹೊಲದಲ್ಲಿ ನಾಲ್ಕು ಗಿಡ ಉಳಿಸಿಕೊಂಡಿದ್ದವರು ರಾತ್ರಿ ಕಾವಲು ಕೂತರು, ಮಿಕ್ಕವರು ನರ್ಸರಿಗೆ ಓಡಿ ಸಸಿ ತಂದು ನೆಟ್ಟರು. ಸೆಪ್ಟೆಂಬರ್ ಹೊತ್ತಿಗೆ ರೈತನ ಕೈಗೆ ಕಿಲೋಗೆ ಹತ್ತು ರೂಪಾಯಿ ಸಿಕ್ಕರೆ ಪುಣ್ಯ ಅನ್ನೋ ಹಾಗಾಯಿತು. ಜುಲೈನಲ್ಲಿ ಅತ್ತವರು ನಾವು, ಸೆಪ್ಟೆಂಬರ್‌ನಲ್ಲಿ ಅತ್ತವರು ಅವರು. ಮಾರ್ಕೆಟ್ ಅಂದರೆ ಕರುಣಾಮಯಿ ಅಂತ ನಾನು ಹೇಳುತ್ತಿಲ್ಲ, ಅದಕ್ಕೆ ಕಣ್ಣೀರು ಕಾಣಿಸುವುದೇ ಇಲ್ಲ. ಆದರೆ ಸುದ್ದಿ ಮುಟ್ಟಿಸುವ ಕೆಲಸದಲ್ಲಿ ಅದನ್ನು ಮೀರಿಸಿದವರಿಲ್ಲ. ಎಲ್ಲಿ ಕಮ್ಮಿ ಇದೆ, ಯಾರು ಬಿಟ್ಟು ಬದುಕಬಹುದು, ಯಾರು ಹೊಸದಾಗಿ ಬೆಳೆಯಬೇಕು, ಅಷ್ಟನ್ನೂ ಆ ಒಂದು ಬೆಲೆ ಎರಡು ತಿಂಗಳಲ್ಲಿ ಊರೂರಿಗೆ ಸಾರಿತ್ತು, ಒಂದು ಮೀಟಿಂಗೂ ನಡೆಯದೆ.

ಯೂರಿಯಾದ ಬೆಲೆಯ ಬಾಯಿಗೆ ಬೀಗ ಹಾಕಿದ್ದೇವೆ. ಆದ್ದರಿಂದ ಅದರ ಕೆಲಸವನ್ನೆಲ್ಲ ದೆಹಲಿಯ ಕೆಲವು ಟೇಬಲ್ಲುಗಳು ಮಾಡಬೇಕು.

ಆ ಟೇಬಲ್ಲುಗಳ ಬಗ್ಗೆ ನನಗೆ ನಿಜವಾಗಲೂ ಮರುಕವಿದೆ. ಹಂಗಾಮು ಶುರುವಾಗುವ ಮುಂಚೆ ಕೇಂದ್ರ ಕೃಷಿ ಇಲಾಖೆಯವರು ರಾಜ್ಯಗಳವರನ್ನು ಕೂರಿಸಿಕೊಂಡು ಯಾರಿಗೆ ಎಷ್ಟು ಬೇಕು ಅಂತ ಅಂದಾಜು ಮಾಡುತ್ತಾರೆ. ರಾಜ್ಯದವರು ಚೌಕಾಸಿಗೆ ಇರಲಿ ಅಂತ ಒಂದಿಷ್ಟು ಜಾಸ್ತಿಯೇ ಕೇಳುತ್ತಾರೆ. ಇವರು ಜಾಸ್ತಿ ಕೇಳಿರುತ್ತಾರೆ ಅಂತ ಗೊತ್ತಿರುವ ಅವರು ಒಂದಿಷ್ಟು ಕತ್ತರಿಸುತ್ತಾರೆ. ಅವರು ಕತ್ತರಿಸುತ್ತಾರೆ ಅಂತ ಗೊತ್ತಿರುವ ಇವರು ಮುಂದಿನ ಸಲ ಇನ್ನೂ ಜಾಸ್ತಿ ಕೇಳುತ್ತಾರೆ. ಆಮೇಲೆ ರಸಗೊಬ್ಬರ ಇಲಾಖೆ ತಿಂಗಳ ಪೂರೈಕೆ ಪ್ಲಾನ್ ತಯಾರಿಸುತ್ತದೆ: ಯಾವ ಕಾರ್ಖಾನೆಯ ಮಾಲು ಯಾವ ರಾಜ್ಯಕ್ಕೆ, ಯಾವ ಬಂದರಿಗೆ ಬಂದ ಹಡಗು ಯಾರ ಪಾಲು, ಎಲ್ಲ ಬರೆದಿಟ್ಟು. ಅಲ್ಲಿಂದ ರೈಲಿನ ರೇಕು, ರೇಕಿನಿಂದ ಲಾರಿ, ಲಾರಿಯಿಂದ ಗೋಡೌನು, ಗೋಡೌನಿನಿಂದ ಸೊಸೈಟಿ. ಹಾದಿಯುದ್ದಕ್ಕೂ ಸಹಿ, ಸೀಲು, ಕಂಪ್ಯೂಟರ್ ಎಂಟ್ರಿ.

ಎಲ್ಲ ಸರಿಯಾಗಿಯೇ ಇತ್ತು. ಮಳೆಗೆ ಮಾತ್ರ ಯಾರೂ ಪ್ಲಾನಿನ ಕಾಪಿ ಕಳಿಸಿರಲಿಲ್ಲ. ಜೂನ್ 1ಕ್ಕೆ ಕೇರಳಕ್ಕೆ ಬರಬೇಕಾದ ಮುಂಗಾರು 2025ರಲ್ಲಿ ಮೇ 24ಕ್ಕೇ ಬಂದುಬಿಟ್ಟಿತು. ಹದ ಸಿಕ್ಕಿತು ಅಂತ ನಮ್ಮವರು ಬೇಗ ಬಿತ್ತಿದರು. ಅದರಲ್ಲೂ ಗೋವಿನಜೋಳವನ್ನು ಜಾಸ್ತಿ ಬಿತ್ತಿದರು, ಅದೋ ಯೂರಿಯಾ ಅಂದರೆ ಪ್ರಾಣ ಬಿಡುವ ಬೆಳೆ. ಬೆಳೆ ಮೊಣಕಾಲೆತ್ತರ ಬಂದಾಗ, ಕಳೆ ತೆಗೆಸಿ, ಮಣ್ಣಲ್ಲಿ ಹಸಿ ಇರುವಾಗಲೇ ಮೇಲುಗೊಬ್ಬರ ಬೀಳಬೇಕು. ಆ ನಾಲ್ಕೈದು ದಿನ ದಾಟಿದರೆ ಆಮೇಲೆ ಲೋಡುಗಟ್ಟಲೆ ತಂದು ಸುರಿದರೂ ಅಷ್ಟಕ್ಕಷ್ಟೇ. ಗದಗದ ಒಂದು ಹೊಲದಲ್ಲಿ ಆ ವಾರ ಹಸಿ ಇದೆ ಅನ್ನೋದು ಹೊಲದ ಯಜಮಾನನಿಗೆ ಗೊತ್ತು. ಅದನ್ನು ದೆಹಲಿಗೆ ಹೇಳುವುದಕ್ಕೆ ಅವನ ಹತ್ತಿರ ಇರುವುದು ಎರಡೇ ದಾರಿ, ಒಂದು ಕ್ಯೂ, ಇನ್ನೊಂದು ರಸ್ತೆ ತಡೆ.

ಚೀನಾ ರಫ್ತಿಗೆ ಬಿಗಿ ಹಿಡಿದಿದ್ದೂ ಹೊರಗಿನ ಬೆಲೆ ಏರಿದ್ದೂ ಇದರ ಮೇಲೆ ಬಂತು. ಹೊರಗೆ ಬೆಲೆ ಏರಿದ ಸುದ್ದಿ ನಮ್ಮ ಚೀಲಕ್ಕೆ ತಲುಪಲೇ ಇಲ್ಲ, ಅದು ಪಾಪ 266 ಅಂತಲೇ ಜಪ ಮಾಡುತ್ತಿತ್ತು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಪತ್ರ ವ್ಯವಹಾರ. ಹಂಚಿಕೆ ಮಾಡಿದಷ್ಟು ನೀವು ಕೊಟ್ಟಿಲ್ಲ ಅಂತ ರಾಜ್ಯ ಬರೆಯಿತು. ನಾವು ಬೇಕಾದಷ್ಟು ಕೊಟ್ಟಿದ್ದೇವೆ, ನೀವೇ ಸರಿಯಾಗಿ ಹಂಚಿಲ್ಲ, ಕಾಳಸಂತೆ ತಡೆದಿಲ್ಲ ಅಂತ ಕೇಂದ್ರ ಹೇಳಿತು. ಎರಡೂ ಕಡೆ ಅಂಕಿಅಂಶ ಪಕ್ಕಾ ಇದ್ದವು. ಎರಡೂ ಕಡೆಯ ಅಂಕಿಅಂಶ ಕೂಡಿಸಿ ಹೊಲಕ್ಕೆ ಎರಚಿದ್ದರೆ ಬೆಳೆ ಬಂಪರ್ ಬರುತ್ತಿತ್ತು. ಇಷ್ಟೆಲ್ಲ ಜಗಳದಲ್ಲಿ ಒಬ್ಬರೂ, ಯಾವ ಪಕ್ಷದವರೂ, ಬೆಲೆ ಅನ್ನೋ ಪದ ಎತ್ತಲಿಲ್ಲ ನೋಡಿ. ಅಷ್ಟು ಒಗ್ಗಟ್ಟು ನಮ್ಮಲ್ಲಿ ಬೇರೆ ಯಾವ ವಿಷಯಕ್ಕಿದೆ?

ಬೆಲೆ ಏರಿಲ್ಲ ಅಂತ ಅಂದುಕೊಳ್ಳಬೇಡಿ ಮತ್ತೆ. ಅದು ಹಿಂಬಾಗಿಲಿಂದ ಏರಿದೆ. ಹಂಗಾಮಿನಲ್ಲಿ ಗದಗ, ಹಾವೇರಿ ಕಡೆ ಗೊಬ್ಬರದಂಗಡಿ ಮುಂದೆ ಒಂದು ಗಂಟೆ ನಿಂತರೆ ಕಿವಿಗೆ ಬೀಳುವ ಮಾತು ಇಷ್ಟೇ:

"ಯೂರಿಯಾ ಬಂದೈತೇನ್ರಿ?"

"ಬಂದೈತಿ ಕಾಕಾ. ಎಷ್ಟು ಬೇಕಿತ್ತು?"

"ಆರು ಚೀಲ ಕೊಡ್ರಿ."

"ಆಧಾರಕ್ಕ ಎರಡ. ಅದರ ಜೋಡಿ ಈ ಎರಡು ಬಾಟ್ಲಿ ತಗೋಬೇಕಾಕ್ಕೈತಿ."

"ಬಾಟ್ಲಿ ತಗೊಂಡು ನಾ ಏನ್ ಮಾಡ್ಲಿ? ನನಗ ಬ್ಯಾಡ್ರಿ."

"ನನಗೂ ಬ್ಯಾಡ ಕಾಕಾ. ಚೀಲದ ಜೋಡಿ ಕಂಪನಿಯವ್ರ ಹಾಕಿ ಕಳಿಸ್ಯಾರ."

ಇದಕ್ಕೆ ಊರಲ್ಲಿ 'ಲಿಂಕ್' ಅಂತಾರೆ. ಬಾಟ್ಲಿ ಅಂದರೆ ನ್ಯಾನೋ ಯೂರಿಯಾ, ಎಲೆಗೆ ಸಿಂಪಡಿಸುವ ದ್ರವ ಗೊಬ್ಬರ, ಅರ್ಧ ಲೀಟರಿಗೆ 225 ರೂಪಾಯಿ. ಲಿಂಕ್ ಮಾಡಬಾರದು ಅಂತ ಸರ್ಕಾರದ ಆದೇಶ ಇದೆ, ಮತ್ತೆ ಮತ್ತೆ ಹೊರಡುತ್ತಲೂ ಇರುತ್ತದೆ. ಈಗ ಲೆಕ್ಕ ಹಾಕಿ. ಎರಡು ಚೀಲಕ್ಕೆ 533, ಎರಡು ಬಾಟ್ಲಿಗೆ 450, ಒಟ್ಟು 983. ಬಾಟ್ಲಿ ಅಟ್ಟದ ಮೇಲೆ ಹೋಗಿ ಕೂರುತ್ತದೆ ಅಂದರೆ ಚೀಲಕ್ಕೆ 491 ರೂಪಾಯಿ ಚಿಲ್ಲರೆ ಬಿತ್ತು. ಜೊತೆಗೆ ಒಂದು ದಿನದ ಕೂಲಿ ಹೋಯಿತು, ಬೈಕಿನ ಪೆಟ್ರೋಲ್ ಹೋಯಿತು, ಮಗನನ್ನೂ ಕ್ಯೂಗೆ ನಿಲ್ಲಿಸಿದ್ದರೆ ಅವನ ಕಾಲೇಜು ಹೋಯಿತು. ಬಿಲ್ಲಿನ ಮೇಲೆ ಮಾತ್ರ ಅದೇ 266 ರೂಪಾಯಿ 50 ಪೈಸೆ, ಕಣ್ಣಿಗೊತ್ತಿಕೊಳ್ಳಬೇಕು.

ಕ್ಯೂ ನಿಲ್ಲುವುದೂ ಒಂದು ಬೆಲೆಯೇ. ಅದರ ವಿಶೇಷ ಏನಪ್ಪಾ ಅಂದರೆ ಕೊಡುವವನ ಜೇಬಿಂದ ಹೋಗುತ್ತದೆ, ಯಾರ ಜೇಬಿಗೂ ಬರುವುದಿಲ್ಲ. ನೂರು ಜನ ಒಂದು ಹಗಲು ಬಿಸಿಲಲ್ಲಿ ನಿಂತದ್ದು ಕಾರ್ಖಾನೆಯವನಿಗೆ ಒಂದು ಚೀಲ ಜಾಸ್ತಿ ಮಾಡು ಅಂತ ಹೇಳುವುದಿಲ್ಲ. ಕಾರ್ಖಾನೆಯವನಿಗೆ ಸರ್ಕಾರ ಕೊಡುವುದು ಅವನ ಖರ್ಚಿನ ಲೆಕ್ಕದಲ್ಲಿ. 1977ರಲ್ಲಿ ಶುರು ಮಾಡಿದ ಪದ್ಧತಿಯಲ್ಲಂತೂ ಒಂದೊಂದು ಕಾರ್ಖಾನೆಗೆ ಒಂದೊಂದು ರೇಟು: ಯಾರಿಗೆ ಖರ್ಚು ಜಾಸ್ತಿಯೋ ಅವರಿಗೆ ದುಡ್ಡೂ ಜಾಸ್ತಿ. ಶಾಲೆಯಲ್ಲಿ ಹೀಗೆ ಮಾರ್ಕ್ಸ್ ಕೊಟ್ಟಿದ್ದರೆ ನಾನೂ ರ‍್ಯಾಂಕ್ ಬರುತ್ತಿದ್ದೆ. ಆಮೇಲೆ ಗುಂಪು ಮಾಡಿದರು, ನಿಯಮ ತಿದ್ದಿದರು, ಹೆಸರು ಬದಲಿಸಿದರು. ಮೂಲ ರೋಗ ಹಾಗೇ ಇದೆ.

2018ರಿಂದ ದೇಶದ ತುಂಬ ಅಂಗಡಿಗೊಂದು ಮಷಿನ್ ಬಂದಿದೆ. ರೈತ ಹೆಬ್ಬೆಟ್ಟು ಒತ್ತಬೇಕು, ಒತ್ತಿದ ಮೇಲೆ ಸಬ್ಸಿಡಿ ನೇರವಾಗಿ ಜಮೆ ಆಗುತ್ತದೆ. ಯಾರಿಗೆ? ಕಂಪನಿಗೆ. ಈ ಯೋಜನೆಯ ಹೆಸರು ನೇರ ಲಾಭ ವರ್ಗಾವಣೆ. ಹೆಸರಿಟ್ಟವರ ಹಾಸ್ಯಪ್ರಜ್ಞೆಗೆ ನನ್ನದೊಂದು ನಮಸ್ಕಾರ.

ತಮಾಷೆ ಮಾಡಲಾಗದ ಒಂದು ವಿಷಯವೂ ಇದರಲ್ಲಿದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರ ಜೀವ ಹೋಯಿತು. ಗೊಬ್ಬರ ಅಗ್ಗವಾಗಿರಬೇಕು ಅಂತ ನಾವೆಲ್ಲ ಒಪ್ಪಿಕೊಂಡ ದೇಶದಲ್ಲಿ.

ಇನ್ನು ಯೂರಿಯಾ ಹೊಲಕ್ಕೆ ಹೋಗದೆ ಎಲ್ಲಿಗೆ ಹೋಗುತ್ತದೆ? ಪ್ಲೈವುಡ್‌ಗೆ. ಪ್ಲೈವುಡ್ ಹಾಳೆ ಅಂಟಿಸುವ ಗೋಂದಿಗೆ ಯೂರಿಯಾ ಬೇಕು. ಕಾರ್ಖಾನೆಗೆ ಅಂತ ಬೇರೆಯಾಗಿ ಮಾರುವ ಯೂರಿಯಾದ ಬೆಲೆ ಇದರ ಎಷ್ಟೋ ಪಟ್ಟು. ಒಂದೇ ಪದಾರ್ಥ, ಒಂದು ಕಡೆ ಆರು ರೂಪಾಯಿ, ಇನ್ನೊಂದು ಕಡೆ ಹಲವು ಪಟ್ಟು ಜಾಸ್ತಿ. ಇಳಿಜಾರು ಮಾಡಿಟ್ಟು ನೀರಿಗೆ ಹರಿಯಬೇಡ ಅಂದರೆ ಕೇಳುತ್ತದಾ? ಆದ್ದರಿಂದ 2015ರಲ್ಲಿ ಎಲ್ಲ ಯೂರಿಯಾಕ್ಕೂ ಬೇವಿನ ಎಣ್ಣೆ ಬಳಿಯಬೇಕು ಅಂತ ನಿಯಮ ಮಾಡಿದರು. ಬೇವು ಬಳಿದರೆ ಸಾರಜನಕ ನಿಧಾನಕ್ಕೆ ಬಿಡುತ್ತದೆ, ಅದು ಒಳ್ಳೆಯದೇ. ಕಾರ್ಖಾನೆಗೂ ಅದು ಕೆಲಸಕ್ಕೆ ಬರುವುದಿಲ್ಲ ಅಂದರು. ಆದರೂ ಗೋಡೌನ್ ಮೇಲೆ ದಾಳಿ, ಚೀಲ ಬದಲಾಯಿಸುತ್ತಿದ್ದವರ ಬಂಧನ, ಲೈಸೆನ್ಸ್ ರದ್ದು ಅನ್ನೋ ಸುದ್ದಿ ಇವತ್ತಿಗೂ ನಿಂತಿಲ್ಲ. ಪ್ಲೈವುಡ್‌ನವರು ಬೇವಿನ ವಾಸನೆಗೆ ಹೊಂದಿಕೊಂಡರು ಅಂತ ಕಾಣುತ್ತದೆ.

ಈ ಆಟ ನಮಗಿಂತ ಮುಂಚೆ, ನಮಗಿಂತ ದೊಡ್ಡದಾಗಿ ಆಡಿದವರು ಸೋವಿಯತ್ ಒಕ್ಕೂಟದವರು. 1921ರಲ್ಲಿ ಹುಟ್ಟಿದ ಅವರ ಯೋಜನಾ ಸಮಿತಿ ಗಾಸ್‌ಪ್ಲಾನ್, ದೇಶದಲ್ಲಿ ಏನು ಎಷ್ಟು ತಯಾರಾಗಬೇಕು ಅಂತ ಬರೆಯುತ್ತಿತ್ತು. ಬೆಲೆ ಬರೆಯುವುದಕ್ಕೇ ಬೇರೆ ಸಮಿತಿ ಇತ್ತು. ಬ್ರೆಡ್ಡಿನ ಬೆಲೆಯನ್ನು ದಶಕಗಟ್ಟಲೆ ಅಲುಗಿಸಲಿಲ್ಲ, ಬಡವನ ತುತ್ತು ಅಲ್ವಾ. ಆಮೇಲೆ ಏನಾಯಿತು ಅಂದರೆ, ದನ, ಹಂದಿ ಸಾಕುವವರಿಗೆ ಮೇವಿನ ಕಾಳಿಗಿಂತ ಅಂಗಡಿಯ ಬ್ರೆಡ್ಡೇ ಸುಲಭ ಅನ್ನಿಸಿ, ಹಂದಿಗಳು ಬ್ರೆಡ್ಡು ತಿಂದು ಕೊಬ್ಬಿದವು. ಕೊನೆಗೆ 1963ರಲ್ಲಿ ಬ್ರೆಡ್ಡು ಕೊಂಡು ಜಾನುವಾರಿಗೆ ಹಾಕುವುದು ಶಿಕ್ಷೆಗೆ ಗುರಿಯಾಗುವ ಅಪರಾಧ ಅಂತ ಕಾನೂನೇ ಮಾಡಬೇಕಾಯಿತು. ಅವರು ಬ್ರೆಡ್ಡಿಗೆ ಪೊಲೀಸರನ್ನು ಇಟ್ಟರು, ನಾವು ಯೂರಿಯಾಕ್ಕೆ ಬೇವು ಬಳಿದೆವು. ಬೆಲೆ ಮುಟ್ಟುವುದೊಂದನ್ನು ಬಿಟ್ಟು ಮಿಕ್ಕ ಎಲ್ಲ ಔಷಧ ಮಾಡಿದೆವು, ಇಬ್ಬರೂ.

ಪ್ಲೈವುಡ್ ಅಂದಾಗ ಇನ್ನೊಂದು ಮಾತು. 1938ರಲ್ಲಿ ಲೆನಿನ್‌ಗ್ರಾಡ್‌ನ ಪ್ಲೈವುಡ್ ಸಂಸ್ಥೆಯವರು ನಮ್ಮ ಯಂತ್ರಗಳಿಗೆ ಯಾವ ಮರ ಹಂಚಿದರೆ ಉತ್ಪಾದನೆ ಜಾಸ್ತಿ ಆಗುತ್ತದೆ ಅಂತ ಲಿಯೊನಿಡ್ ಕಂತೊರೊವಿಚ್ ಅನ್ನೋ ಗಣಿತಜ್ಞನನ್ನು ಕೇಳಿದರು. ಆತ ಲೆಕ್ಕ ಬಿಡಿಸಿದ. ಬಿಡಿಸುವಾಗ ಒಂದು ವಿಚಿತ್ರ ಸಿಕ್ಕಿತು. ಒಳ್ಳೆಯ ಪ್ಲಾನ್ ಯಾವುದೇ ಇರಲಿ, ಅದರ ಹೊಟ್ಟೆಯೊಳಗೆ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಅಡಗಿರುತ್ತದೆ, ಅದು ಎಷ್ಟು ವಿರಳ ಅಂತ ಹೇಳುವ ಸಂಖ್ಯೆ. ನಾವು ನೀವು ಅದನ್ನು ಬೆಲೆ ಅಂತೀವಿ. ಕಮ್ಯುನಿಸ್ಟ್ ದೇಶದಲ್ಲಿ ಕೂತು ಬೆಲೆಯನ್ನು ಹೊಸದಾಗಿ ಕಂಡುಹಿಡಿದ ಪುಣ್ಯಾತ್ಮನನ್ನು ಅಲ್ಲಿನವರು ಬಹಳ ವರ್ಷ ಅನುಮಾನದಿಂದಲೇ ನೋಡಿದರು. 1975ರಲ್ಲಿ ನೊಬೆಲ್ ಬಂತು. 1991ರಲ್ಲಿ ದೇಶವೇ ಹೋಯಿತು. ಗಾಸ್‌ಪ್ಲಾನ್ ಇದ್ದ ಮಾಸ್ಕೋದ ಕಟ್ಟಡದಲ್ಲಿ ಈಗ ರಷ್ಯಾದ ಸಂಸತ್ತಿನ ಕೆಳಮನೆ ಕೂರುತ್ತದೆ. ನಮ್ಮಲ್ಲೂ ಯೋಜನಾ ಆಯೋಗ ಮುಚ್ಚಿ, ನೀತಿ ಆಯೋಗ ಅಂತ ಬೋರ್ಡ್ ಹಾಕಿ ಹತ್ತು ವರ್ಷದ ಮೇಲಾಯಿತು. ಯೂರಿಯಾದ ಟೇಬಲ್ಲಿಗೆ ಆ ಸುದ್ದಿ ಮುಟ್ಟಿಲ್ಲ.

ಇದರ ಪೆಟ್ಟು ಮಣ್ಣಿಗೂ ಬಿದ್ದಿದೆ. 2010ರಲ್ಲಿ ರಂಜಕ, ಪೊಟ್ಯಾಶ್ ಗೊಬ್ಬರಗಳ ಬೆಲೆಯನ್ನು ಸಡಿಲ ಬಿಟ್ಟು ಯೂರಿಯಾವನ್ನು ಮಾತ್ರ ಕಟ್ಟಿಹಾಕಿದರು. ಇವತ್ತು ರಂಜಕದ ಗೊಬ್ಬರ ಡಿಎಪಿ ಚೀಲ 1350, ಯೂರಿಯಾ ಚೀಲ 266. ರೈತ ದಡ್ಡನಾ? ಅಗ್ಗ ಇರುವುದನ್ನು ಜಾಸ್ತಿ ಹಾಕಿದ. ಸಾರಜನಕ, ರಂಜಕ, ಪೊಟ್ಯಾಶ್ 4:2:1ರ ಲೆಕ್ಕದಲ್ಲಿ ಬೀಳಬೇಕು ಅಂತ ಪುಸ್ತಕದ ಮಾತು. 2009-10ರಲ್ಲಿ ದೇಶದ ಲೆಕ್ಕ ಹೆಚ್ಚುಕಮ್ಮಿ ಹಾಗೇ ಇತ್ತು, 4.3:2:1. ಮೂರೇ ವರ್ಷಕ್ಕೆ 8.2:3.2:1 ಆಯಿತು. ಈಚೆಗೆ ಆ ಮೊದಲ ಅಂಕಿ ಹತ್ತನ್ನೂ ದಾಟಿದೆ. ಬೆಳೆ ಕಡು ಹಸಿರಾಗಿ, ಎತ್ತರಕ್ಕೆ ಬೆಳೆದು, ನೋಡೋದಕ್ಕೆ ಚಂದ ಕಂಡು, ಗಾಳಿ ಬೀಸಿದರೆ ಮಲಗಿಬಿಡುತ್ತದೆ, ಹುಳಕ್ಕೆ ಹಬ್ಬ ಆಗುತ್ತದೆ. ಆಮೇಲೆ ಸಮತೋಲನದ ಗೊಬ್ಬರ ಬಳಸಿ ಅಂತ ರೈತನಿಗೆ ತರಬೇತಿ ಶಿಬಿರ ಏರ್ಪಾಟಾಗುತ್ತದೆ, ಮಣ್ಣು ಪರೀಕ್ಷೆ ಕಾರ್ಡ್ ಕೊಡುತ್ತಾರೆ, ಊಟ ಹಾಕುತ್ತಾರೆ. ಬೆಲೆ ಹೇಳಿದ್ದು ಒಂದು, ಶಿಬಿರದವರು ಹೇಳಿದ್ದು ಇನ್ನೊಂದು. ಊಟ ಮುಗಿಸಿದವರು ಬೆಲೆಯ ಮಾತನ್ನೇ ಕೇಳುತ್ತಾರೆ.

ಹಾಗಾದರೆ ಬೆಲೆ ಬಿಟ್ಟುಬಿಡಿ, ಸಬ್ಸಿಡಿ ದುಡ್ಡನ್ನು ಎಕರೆ ಲೆಕ್ಕದಲ್ಲಿ ರೈತನ ಕೈಗೇ ಕೊಡಿ ಅಂತ ಅರ್ಥಶಾಸ್ತ್ರ ಓದಿದವರು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ದುಡ್ಡೇನೂ ಸಣ್ಣದಲ್ಲ, 2022-23ರಲ್ಲಿ ಗೊಬ್ಬರದ ಸಬ್ಸಿಡಿ ಎಲ್ಲ ಸೇರಿ ಎರಡೂವರೆ ಲಕ್ಷ ಕೋಟಿಯ ಹತ್ತಿರ ಹೋಗಿತ್ತು. ನನಗೂ ಅದೇ ಸರಿ ಅನ್ನಿಸುತ್ತದೆ. ಆದರೆ ರೈತರು ಇದಕ್ಕೆ ಬೇಡ ಅಂದರೆ ಅವರನ್ನು ಬೈಯುವುದಕ್ಕೆ ನನಗೆ ಬಾಯಿಲ್ಲ. ಅಡುಗೆ ಗ್ಯಾಸಿನ ಸಬ್ಸಿಡಿಯನ್ನೂ ಖಾತೆಗೆ ಹಾಕುತ್ತೇವೆ ಅಂದಿದ್ದರು. ಮೊದಲು ಬಂತು, ಆಮೇಲೆ ಕರಗಿತು, 2020ರ ಮಧ್ಯದಿಂದ ಬಹಳಷ್ಟು ಮನೆಗಳಿಗೆ ನಿಂತೇಹೋಯಿತು. ಸಿಲಿಂಡರ್ ಬೆಲೆ ಮಾತ್ರ ಆಮೇಲೂ ಏರಿತು. ಅದೂ ಅಲ್ಲದೆ ದುಡ್ಡು ಹೋಗುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಪಹಣಿಯವನು ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ನೌಕರಿಯಲ್ಲಿರುತ್ತಾನೆ, ಹೊಲ ಮಾಡುವವನು ಲಾವಣಿಗೆ ಹಿಡಿದವನು. ಅವನ ಹೆಸರು ಯಾವ ಕಾಗದದಲ್ಲೂ ಇಲ್ಲ. ಅವನಿಗೆ ಬೆಲೆ ಏರಿಕೆ ಪೂರ್ತಿ ಸಿಗುತ್ತದೆ, ಪರಿಹಾರ ಪಹಣಿಯವನ ಖಾತೆ ಸೇರುತ್ತದೆ. ಇದನ್ನು ಸರಿ ಮಾಡುವ ತಲೆನೋವು ಯಾರಿಗೂ ಬೇಡ. ಅದಕ್ಕಿಂತ ಕ್ಯೂ ವಾಸಿ, ಕ್ಯೂನಲ್ಲಿ ನಿಲ್ಲುವವರು ಮಂತ್ರಿಗಳಲ್ಲ ನೋಡಿ.

ಹಾಗಂತ ಸರ್ಕಾರ ಕೈ ಕಟ್ಟಿ ಕೂತಿಲ್ಲ. ಬೆಲೆ ಮುಟ್ಟದೆ ಏನು ಮಾಡಬಹುದು ಅಂತ ತಲೆ ಓಡಿಸಿದೆ. ಮೊದಲು ಯೂರಿಯಾ ಚೀಲ 50 ಕೆಜಿ ಇತ್ತು. ರೈತ ತೂಕ ನೋಡುವುದಿಲ್ಲ, ಎಕರೆಗೆ ಇಷ್ಟು ಚೀಲ ಅಂತ ಹಾಕುತ್ತಾನೆ, ಆದ್ದರಿಂದ ಚೀಲವನ್ನೇ ಸಣ್ಣದು ಮಾಡಿದರೆ ಬಳಕೆ ತಾನಾಗೇ ಇಳಿಯುತ್ತದೆ ಅಂತ ಯಾರಿಗೋ ಹೊಳೆಯಿತು. 2018ರಲ್ಲಿ ಚೀಲ 45 ಕೆಜಿ ಆಯಿತು. 2023ರಲ್ಲಿ ಗಂಧಕ ಬಳಿದ ಯೂರಿಯಾ ಬಂತು, ಹೆಸರು ಯೂರಿಯಾ ಗೋಲ್ಡ್. ಅದರ ಚೀಲ 40 ಕೆಜಿ. ಬೆಲೆ ಎಷ್ಟು ಅಂತ ಗೆಜೆಟ್ ನೋಡುವ ಅಗತ್ಯವಿಲ್ಲ, ಅದೇ 266 ರೂಪಾಯಿ 50 ಪೈಸೆ. ಇದೇ ವೇಗದಲ್ಲಿ ಹೋದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಖಾಲಿ ಚೀಲವೇ ಆ ರೇಟಿಗೆ ಸಿಗುತ್ತದೆ. ಆಧಾರಕ್ಕ ಎರಡ.